ಗೇರಿನಲ್ಲಿ ನಿಂತ ವಾನೇತ್

ಹವಲ್ಲಿಯ ಆ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೈಕ್ರೋಸ್ಕೋಪಿನ ಮುಂದೆ ಒಂದು ಕುರ್ಚಿ ಇತ್ತು. ಚೆಂದದ ಕುರ್ಚಿಯೇನೂ ಅಲ್ಲ. ಬೆನ್ನಿನ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು, ಐದು ಗಾಲಿಗಳಲ್ಲಿ ಒಂದು ಯಾವ ಕಾಲಕ್ಕೋ ಮುನಿಸಿಕೊಂಡು ತಿರುಗುವುದನ್ನೇ ಬಿಟ್ಟಿತ್ತು. ಆದರೂ ಅದರ ಮೇಲೆ ಕುಳಿತವರೇ ಅಂಗಡಿಯ ಮೇಸ್ತ್ರಿ. ಹನ್ನೊಂದು ವರ್ಷ ಅದರಲ್ಲಿ ಕುಳಿತಿದ್ದ ಆರಡಿ ಎತ್ತರದ ಈಜಿಪ್ಟಿನವನು ಡಿಸೆಂಬರಿನಲ್ಲಿ ಎಲ್ಲ ಖಲಾಸ್ ಮಾಡಿ ತನ್ನ ದೇಶಕ್ಕೆ ಹೋದ ಮೇಲೆ ಕುರ್ಚಿ ಖಾಲಿ ಬಿದ್ದಿತ್ತು. ಝಾಹಿದಾಳಿಗೆ ಅದು ಬೇಕಿತ್ತು.

ಯಾಕೆ ಬೇಕಿತ್ತು ಅಂದರೆ, ಆ ಕೆಲಸ ಅವಳಿಗೆ ಬರುತ್ತಿತ್ತು; ಅಷ್ಟೇ ಕಾರಣ. ಉಪ್ಪಿನಂಗಡಿಯವಳು, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು, ಮದುವೆಯಾಗಿ ಕುವೈತಿಗೆ ಬಂದು ಆರು ವರ್ಷದಿಂದ ಮುಂದಿನ ಕೌಂಟರಿನಲ್ಲಿ ನಿಂತು ಮೊಬೈಲಿಗೆ ಗ್ಲಾಸ್ ಅಂಟಿಸುತ್ತಿದ್ದಳು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯ ಶಟರ್ ಅರ್ಧ ಇಳಿಯುತ್ತದೆ, ಗಂಡಸರು ಉಣ್ಣಲಿಕ್ಕೆ, ಮಲಗಲಿಕ್ಕೆ ಹೋಗುತ್ತಾರೆ. ಆ ಮೂರು ಗಂಟೆ ಝಾಹಿದಾ ಒಳಗೆ ಕುಳಿತು, ಸಫ್ವಾನ್ ಕೈಲಾಗದೆ ಬದಿಗಿಟ್ಟ ಬೋರ್ಡುಗಳನ್ನು ಸರಿಮಾಡುತ್ತಿದ್ದಳು. ಕುರ್ಚಿ ಎತ್ತರ, ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇಳಿಸುವ ಲಿವರ್ ಇತ್ತು, ಆದರೆ ಇನ್ನೊಬ್ಬರ ಕುರ್ಚಿಯನ್ನು ತಾನು ಇಳಿಸುವುದು ಹೇಗೆ ಎಂಬ ಸಂಕೋಚ. ಹಾಗೇ ಕಾಲು ತೂಗಾಡಿಸಿಕೊಂಡು ಬೆಸುಗೆ ಹಾಕುತ್ತಿದ್ದಳು. ನಾಲ್ಕು ಗಂಟೆಗೆ ಸತ್ತ ಬೋರ್ಡಿಗೆ ಜೀವ ಬಂದಿರುತ್ತಿತ್ತು. ಗಿರಾಕಿಯ ಕೈಗೆ ಅದನ್ನು ಕೊಡುವಾಗ ಸಫ್ವಾನ್, ಸ್ವಲ್ಪ ಕಷ್ಟವಾಯಿತು ಎಂದು ಬೆವರು ಒರೆಸಿಕೊಳ್ಳುತ್ತಿದ್ದ.

ಸಫ್ವಾನ್ ಕೆಟ್ಟವನಲ್ಲ. ಪುತ್ತೂರಿನವನು, ಝಾಹಿದಾಳಿಗಿಂತ ಏಳು ವರ್ಷ ಚಿಕ್ಕವನು, ಆದರೂ ಅವಳನ್ನು ಏಕವಚನದಲ್ಲೇ ಕರೆಯುವವನು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಅದಕ್ಕೆ ಅವನೇ ಸಾಕ್ಷಿ. ಕುರ್ಚಿ ತನಗೇ ಎಂದು ಅವನು ಆಗಲೇ ಮೇಜಿನ ಮೇಲೆ ತನ್ನ ಚಹಾದ ಕಪ್ಪು ಇಡಲಿಕ್ಕೆ ಶುರುಮಾಡಿದ್ದ. ಮ್ಯಾನೇಜರ್ ಬರ್ನಾರ್ಡ್ ಬಂಟ್ವಾಳದ ಕಡೆಯವರು, ದೇವರಂಥ ಮನುಷ್ಯ, ಆದರೆ ಎದುರಿಗೆ ನಿಂತವರು ಹೇಳಿದ್ದೇ ಸರಿ ಅನ್ನುವ ಸ್ವಭಾವ. ಸಫ್ವಾನ್ ದಿನಕ್ಕೆ ಹತ್ತು ಸಲ ಎದುರಿಗೆ ನಿಲ್ಲುತ್ತಿದ್ದ. ಝಾಹಿದಾ ಒಂದು ಸಲವೂ ನಿಂತಿರಲಿಲ್ಲ.

ಜನವರಿಯ ಮೊದಲ ವಾರ ಅಂಗಡಿಯ ಧಣಿ ಅಬೂ ಫಹದ್ ಬಂದರು. ಬಂದವರು ಲೆಕ್ಕಪತ್ರ ಕೇಳಲಿಲ್ಲ, ಒಂದು ವಿಚಿತ್ರ ಬೇಡಿಕೆ ಇಟ್ಟರು. ಚಳಿಗಾಲ ಬಂತೆಂದರೆ ಕುವೈತಿಗಳು ಮರುಭೂಮಿಯಲ್ಲಿ ಟೆಂಟ್ ಹಾಕಿ ವಾರಗಟ್ಟಲೆ ಕಳೆಯುವುದು ಎಲ್ಲರಿಗೂ ಗೊತ್ತು. ಅಬೂ ಫಹದರ ಟೆಂಟು ಸಾಲ್ಮಿ ರಸ್ತೆಯ ಕಡೆ. ಅವರ ಎಂಬತ್ತೆರಡು ವರ್ಷದ ತಾಯಿ, ಮನೆಯ ಕೆಲಸದವರೆಲ್ಲ ಮಾಮಾ ಕಬೀರಾ ಎಂದು ಕರೆಯುವ ಅಜ್ಜಿ, ಬೆಳಗಿನ ನಮಾಜು ಮುಗಿಸಿ ದಿನವೂ ಒಂಟೆಗಳ ದೊಡ್ಡಿಗೆ ಹೋಗಬೇಕು. ಹೋಗುವುದಾದರೆ ತೀರಿಹೋದ ಯಜಮಾನರ ಹಳೆಯ ವಾನೇತಿನಲ್ಲಿ ಮಾತ್ರ. ವಾನೇತ್ ಅಂದರೆ ಕುವೈತಿನವರ ಬಾಯಲ್ಲಿ ಪಿಕಪ್ ಗಾಡಿ. ಮಗನ ಹೊಸ ಕಾರುಗಳಲ್ಲಿ ಅಜ್ಜಿಗೆ ಆಸ್ಪತ್ರೆಯ ವಾಸನೆ ಬರುತ್ತದಂತೆ.

ತೊಂದರೆ ಏನೆಂದರೆ, ಮರುಭೂಮಿಯ ಮುಂಜಾನೆಗೆ ಥರ್ಮಾಮೀಟರು ಎರಡು ಮೂರಕ್ಕೆ ಇಳಿಯುತ್ತದೆ. ವಾನೇತು ಕಾಲು ಗಂಟೆ ಎಂಜಿನ್ ಓಡದೆ ಬೆಚ್ಚಗಾಗುವುದಿಲ್ಲ. ಅಷ್ಟು ಹೊತ್ತು ಅಜ್ಜಿ ಆ ಮಂಜುಗಡ್ಡೆಯಂಥ ಸೀಟಿನ ಮೇಲೆ ಕುಳಿತು ಹೋದ ವಾರ ಎದೆ ಕಟ್ಟಿಕೊಂಡಿದ್ದರು. ಗಾಡಿ ತಾನಾಗಿ ಶುರುವಾಗಿ, ಅಜ್ಜಿ ಹೊರಡುವ ಹೊತ್ತಿಗೆ ಬೆಚ್ಚಗಾಗಿರಬೇಕು ಎಂಬುದು ಅಬೂ ಫಹದರ ಆಸೆ. ಕಾರಿಗೆ ಅಲಂಕಾರ ಮಾಡುವ ಮೂರು ಅಂಗಡಿಗಳಲ್ಲಿ ಕೇಳಿದ್ದರು. ಕೈಯಲ್ಲಿ ಗೇರ್ ಹಾಕುವ ಗಾಡಿಗೆ ಅದೆಲ್ಲ ಆಗುವುದಿಲ್ಲ ಎಂದು ಮೂವರೂ ಕೈಮುಗಿದಿದ್ದರು. ಸಫ್ವಾನನೂ ಅದನ್ನೇ ಹೇಳಿದ.

"ಆಗ್ತದೆ ಸರ್," ಎಂದಳು ಝಾಹಿದಾ, ಕೌಂಟರಿನಿಂದ.

ಬರ್ನಾರ್ಡ್ ತಿರುಗಿ ನೋಡಿದರು. ಆರು ವರ್ಷದಲ್ಲಿ ಅವಳು ಕೇಳದೆ ಮಾತಾಡಿದ್ದು ಅದೇ ಮೊದಲು. ಅಬೂ ಫಹದ್ ಅವಳ ಕೈಯಲ್ಲಿದ್ದ ಗ್ಲಾಸು ಒರೆಸುವ ಬಟ್ಟೆಯನ್ನು ನೋಡಿದರು, ಮುಖ ನೋಡಿದರು, ಭುಜ ಹಾರಿಸಿದರು. ಮಾಡಲಿ, ಆದರೆ ಕೆಟ್ಟರೆ ಖಲಾಸ್ ಎಂದರು. ಅವರು ಹೋದ ಮೇಲೆ ಬರ್ನಾರ್ಡ್ ಅವಳನ್ನು ಪಕ್ಕಕ್ಕೆ ಕರೆದು, ಇದು ಆದರೆ ಆ ಕುರ್ಚಿ ನಿನ್ನದು, ಆಗದಿದ್ದರೆ ಸಫ್ವಾನನದ್ದು, ಹೇಗಾದರೂ ನಾನು ಯೋಚಿಸಬೇಕಿಲ್ಲ ಎಂದರು. ಜೀವಮಾನದಲ್ಲಿ ಅವರು ಅಷ್ಟು ಖಡಕ್ಕಾಗಿ ಮಾತಾಡಿದ್ದು ಅದೇ ಇರಬೇಕು.

ಒಂದು ಮೈಕ್ರೋಕಂಟ್ರೋಲರ್ ಅಂದರೆ ಬೆರಳುದ್ದದ ಹಲಗೆ. ಹೇಳಿಕೊಟ್ಟಿದ್ದನ್ನು ತಪ್ಪದೆ ಮಾಡುತ್ತದೆ, ಹೇಳಿಕೊಡದ್ದನ್ನು ಜಪ್ಪಯ್ಯ ಅಂದರೂ ಮಾಡುವುದಿಲ್ಲ. ಝಾಹಿದಾ ಅದಕ್ಕೆ ಚಳಿ ಅಳೆಯುವ ಒಂದು ಸೆನ್ಸರ್ ಜೋಡಿಸಿದಳು, ಗಡಿಯಾರ ಕೊಟ್ಟಳು, ಕೀಲಿ ತಿರುಗಿಸುವ ಬೆರಳಿನ ಬದಲಿಗೆ ಎರಡು ರಿಲೇ ಕೂರಿಸಿದಳು. ಎಂಜಿನ್ ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಡೈನಮೋದಿಂದ ಒಂದು ತಂತಿ ಎಳೆದಳು. ಮರುಭೂಮಿಯಲ್ಲಿ ಮೊಬೈಲ್ ಸಿಗ್ನಲ್ಲಿನ ಭರವಸೆ ಇಲ್ಲವೆಂದು ಕೈಯಲ್ಲಿ ಒತ್ತುವ ರೇಡಿಯೋ ರಿಮೋಟನ್ನೂ ಮಾಡಿದಳು. ಬೆಳಿಗ್ಗೆ ಆರು ಗಂಟೆಗೆ ಚಳಿ ಎಂಟು ಡಿಗ್ರಿಗಿಂತ ಕೆಳಗಿದ್ದರೆ ಗಾಡಿ ತಾನಾಗಿ ಶುರುವಾಗಬೇಕು. ರಿಮೋಟ್ ಒತ್ತಿದರಂತೂ ಯಾವಾಗ ಬೇಕಾದರೂ. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಐದು ಸಲ ಒತ್ತಿದಳು, ಐದು ಸಲವೂ ವಾನೇತು ಒಳ್ಳೆಯ ಎಮ್ಮೆಯ ಹಾಗೆ ಗುರ್ ಎಂದು ಎದ್ದಿತು.

ವಾನೇತಿನ ಚಾಲಕ ಉಮ್ಮರ್ ಕುಂಞಿ. ವಯಸ್ಸು ಅರವತ್ತು ದಾಟಿದೆ, ಊರು ಚಾರ್ಮಾಡಿಯ ಬುಡ, ಕುವೈತಿಗೆ ಬರುವ ಮೊದಲು ಹತ್ತು ವರ್ಷ ಘಾಟಿಯಲ್ಲಿ ಜೀಪು ಓಡಿಸಿದವರು. ಝಾಹಿದಾ ಅವರಿಗೆ ಉಮ್ಮರಾಕ ಎನ್ನುತ್ತಿದ್ದಳು, ಅವರು ಅವಳಿಗೆ ಮೋಳೆ, ಅಂದರೆ ಮಗಳೇ, ಎನ್ನುತ್ತಿದ್ದರು. ಇಬ್ಬರದ್ದೂ ಬ್ಯಾರಿ ಮಾತು. ರಿಮೋಟು ಒತ್ತುವ ಮೊದಲು ಗಾಡಿ ನ್ಯೂಟ್ರಲ್ಲಿನಲ್ಲಿ ಇರಬೇಕು ಎಂದು ಅವಳು ಮೂರು ಸಲ ಹೇಳಿದಳು. ಅವರು ಮೂರು ಸಲ ತಲೆಯಾಡಿಸಿದರು. ತಲೆ ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿರಲಿಲ್ಲ.

ಘಾಟಿಯ ಕೆಳಗಿನ ನಮ್ಮ ಜನಕ್ಕೆ ಗಾಡಿ ನಿಲ್ಲಿಸುವುದೆಂದರೆ ಅದಕ್ಕೊಂದು ಶಾಸ್ತ್ರವಿದೆ. ಹ್ಯಾಂಡ್‌ಬ್ರೇಕನ್ನು ಯಾರೂ ನಂಬುವುದಿಲ್ಲ. ಎಂಜಿನ್ ಆರಿಸಿ, ಫಸ್ಟ್ ಗೇರ್ ಹಾಕಿ, ಕೆಳಗಿಳಿದು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಗಾಡಿ ನಿಂತಿತು ಎಂದರ್ಥ. ಕುವೈತಿನಲ್ಲಿ ಏರೂ ಇಲ್ಲ ಇಳಿಜಾರೂ ಇಲ್ಲ, ಒಂದು ಗೋಲಿ ಇಟ್ಟರೂ ಉರುಳದಷ್ಟು ಚಪ್ಪಟೆ ನೆಲ. ಆದರೂ ಉಮ್ಮರ್ ಕುಂಞಿ ಮೂವತ್ತು ವರ್ಷದಿಂದ ವಾನೇತಿನ ಹಿಂದೆ ಒಂದು ಕರಿಕಲ್ಲು ಇಟ್ಟುಕೊಂಡು, ನಿಲ್ಲಿಸಿದಲ್ಲೆಲ್ಲ ಚಕ್ರಕ್ಕೆ ಕೊಡುತ್ತಿದ್ದರು. ಆ ಕಲ್ಲು ಊರಿನಿಂದ ವಿಮಾನದಲ್ಲಿ ಬಂದದ್ದು ಎಂದು ಜನ ತಮಾಷೆ ಮಾಡುತ್ತಿದ್ದರು. ನಿಜವಿದ್ದರೂ ಇದ್ದೀತು.

ಮೊದಲ ಪರೀಕ್ಷೆ ಶುಕ್ರವಾರ ಬೆಳಿಗ್ಗೆ. ಝಾಹಿದಾಳ ಗಂಡ ನಿಝಾಮ್ ಅರ್ದಿಯಾದ ಗೋದಾಮಿನಲ್ಲಿ ಕೆಲಸ ಮಾಡುವವನು, ರಜೆಯ ದಿನದ ನಿದ್ದೆ ಬಿಟ್ಟು ಅವಳನ್ನು ಟೆಂಟಿಗೆ ಕರೆದುಕೊಂಡು ಬಂದಿದ್ದ. ಅಬೂ ಫಹದ್, ಬರ್ನಾರ್ಡ್, ಸಫ್ವಾನ್ ಎಲ್ಲರೂ ಟೆಂಟಿನ ಬಾಗಿಲಲ್ಲಿ ನಿಂತಿದ್ದರು. ವಾನೇತು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಅದರ ಮುಂದೆ ಕಾಫಿ ಕಾಯಿಸುವ ಒಲೆ. ಝಾಹಿದಾ ಬಿಸ್ಮಿಲ್ಲಾ ಎಂದು ರಿಮೋಟು ಒತ್ತಿದಳು.

ವಾನೇತು ಎದ್ದಿತು, ಎದ್ದದ್ದು ನಿಲ್ಲಲಿಲ್ಲ. ಕಪ್ಪೆಯ ಹಾಗೆ ಒಂದು ಜಿಗಿತ ಜಿಗಿದು, ಇನ್ನೊಂದು ಜಿಗಿದು, ಎಂಜಿನ್ ಹಿಡಿದದ್ದೇ ಚಾಲಕನಿಲ್ಲದೆ ನಡೆಯಲಿಕ್ಕೇ ಶುರುಮಾಡಿತು. ಕಾಫಿಯ ಒಲೆಯನ್ನು ಮೆಟ್ಟಿತು, ಅಬೂ ಫಹದರ ಅಜ್ಜನ ಕಾಲದ ಹಿತ್ತಾಳೆಯ ಹೂಜಿಯನ್ನು ರೊಟ್ಟಿ ಮಾಡಿತು, ಆಚೆಯ ಮರಳ ದಿಣ್ಣೆಗೆ ಮೂಗು ಊರಿ ಕೆಮ್ಮಿ ನಿಂತಿತು. ನಾಲ್ಕು ಮಾರು ಬಲಕ್ಕೆ ಹೆಂಗಸರ ಟೆಂಟು ಇತ್ತು. ಒಳಗೆ ಮಾಮಾ ಕಬೀರಾ ಜಪಮಣಿ ಎಣಿಸುತ್ತಿದ್ದರು.

ಯಾರಿಗೂ ಏನೂ ಆಗಲಿಲ್ಲ. ಉಮ್ಮರ್ ಕುಂಞಿ ಓಡಿಹೋಗಿ ಬಾಗಿಲು ತೆಗೆದು ಗೇರಿನ ಕೋಲು ಮುಟ್ಟಿ ನೋಡಿ, ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದರು. ಫಸ್ಟಿನಲ್ಲಿತ್ತು. ಹಿಂದಿನ ಚಕ್ರದ ಕಲ್ಲು ಹಿಂದೆಯೇ ಉಳಿದಿತ್ತು. ಅಬೂ ಫಹದ್ ಕೂಗಾಡಲಿಲ್ಲ, ಒಂದೇ ಮಾತು ಹೇಳಿದರು: ಖಲಾಸ್.

ವಾಪಸು ಬರುವ ದಾರಿಯುದ್ದಕ್ಕೂ ಸಫ್ವಾನ್ ತಮಗೆ ಬುದ್ಧಿ ಹೇಳಿದ್ದನ್ನು ಬರ್ನಾರ್ಡ್ ಆಮೇಲೆ ಅವಳಿಗೆ ತಿಳಿಸಿದರು. ಡ್ಯಾಶ್‌ಬೋರ್ಡಿನ ಮೇಲೆ ನ್ಯೂಟ್ರಲ್ ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದರೆ ಸಾಕಿತ್ತಂತೆ, ತಪ್ಪು ಮುದುಕನದ್ದಂತೆ. ಝಾಹಿದಾ ಒಪ್ಪಲಿಲ್ಲ. ಅವಳ ಅಪ್ಪನೂ ಉಪ್ಪಿನಂಗಡಿಯ ಗುಡ್ಡೆಯ ಮೇಲೆ ಜೀಪನ್ನು ಗೇರಿನಲ್ಲೇ ನಿಲ್ಲಿಸುತ್ತಿದ್ದರು. ಕಲ್ಲು ತಂದುಕೊಡುವ ಕೆಲಸ ಅವಳದ್ದೇ ಇತ್ತು. ತನ್ನ ಜನದ ಕೈ ಏನು ಮಾಡುತ್ತದೆ ಎಂದು ತನಗೆ ಗೊತ್ತಿರಬೇಕಿತ್ತು. ಮನುಷ್ಯ ಮರೆಯದಿದ್ದರೆ ಮಾತ್ರ ಸರಿಯಾಗಿರುವ ಯಂತ್ರ ಯಂತ್ರವೇ ಅಲ್ಲ, ತಪ್ಪು ನನ್ನದು ಸರ್ ಎಂದಳು. ಬರ್ನಾರ್ಡ್ ನಿಟ್ಟುಸಿರುಬಿಟ್ಟು, ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಸಫ್ವಾನ್ ಒಳಗೆ ಕೂರುತ್ತಾನೆ ಎಂದರು. ಅವಳು ಕೌಂಟರಿಗೆ ಹೋಗಿ ಗ್ಲಾಸು ಒರೆಸಿದಳು. ಆ ದಿನ ಎರಡು ಗ್ಲಾಸಿನ ಕೆಳಗೆ ಗುಳ್ಳೆ ಬಂತು.

ಮಂಗಳವಾರ ಬೆಳಿಗ್ಗೆ ಉಮ್ಮರ್ ಕುಂಞಿ ವಾನೇತು ತಂದರು, ಹುಡುಗಿ ಕೂರಿಸಿದ ಪೆಟ್ಟಿಗೆ ಬಿಚ್ಚಿ ತೆಗೆಸಿಕೊಂಡು ಬಾ ಎಂದು ಧಣಿಯ ಅಪ್ಪಣೆಯಾಗಿತ್ತು. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಇಳಿದು ಬಂದು ಅವಳನ್ನು ಕರೆದರು. ಬ್ಯಾಟರಿ ಸ್ವಲ್ಪ ಸೋತಿದೆ, ಆರಿಸಿದರೆ ಮತ್ತೆ ಹಿಡಿಯಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ಝಾಹಿದಾ ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದಳು. ಬಂದವಳು ಖಾಲಿ ಸೀಟನ್ನು ನೋಡುತ್ತಾ ಹಾಗೇ ನಿಂತಳು. ವಾನೇತು ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು.

"ಉಮ್ಮರಾಕ, ಈಗ ಗಾಡಿ ಯಾವ ಗೇರಿನಲ್ಲಿ ಉಂಟು?"

"ಎಂತ ಮೋಳೆ ಹೀಗೆ ಕೇಳ್ತಿ? ಎಂಜಿನ್ ಓಡ್ತಾ ಉಂಟು, ಕ್ಲಚ್ಚಿನ ಮೇಲೆ ಯಾರ ಕಾಲೂ ಇಲ್ಲ. ಗೇರಿನಲ್ಲಿದ್ರೆ ಅದು ಹೀಗೆ ನಿಲ್ತದಾ?"

ಝಾಹಿದಾ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಇಷ್ಟು ದಿನ ಅವಳು ಗೇರಿನ ಕೋಲನ್ನೇ ಹಿಡಿದುಕೊಂಡು ಯೋಚಿಸಿದ್ದಳು. ಕೋಲಿನ ಬುಡಕ್ಕೆ ಸ್ವಿಚ್ ಇಡೋಣವೆಂದರೆ ಮೂವತ್ತು ವರ್ಷ ಹಳೆಯ ಕೋಲು, ನಾಲ್ಕು ಬೆರಳಿನಷ್ಟು ಅತ್ತಿತ್ತ ಅಲ್ಲಾಡುತ್ತದೆ, ಎಲ್ಲಿದೆ ಎಂದು ಅದಕ್ಕೇ ಗೊತ್ತಿಲ್ಲ. ಆದರೆ ಓಡುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಸೀಟು ಖಾಲಿ, ಎಂಜಿನ್ ಓಡುತ್ತಿದೆ, ಆದರೂ ಗಾಡಿ ನಿಂತಲ್ಲೇ ನಿಂತಿದೆ ಅಂದರೆ ಅದು ನ್ಯೂಟ್ರಲ್ಲಿನಲ್ಲಿದೆ. ಇದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಾದರೆ ಎಂಜಿನ್ ಆರಿಸುವ ಕೆಲಸವನ್ನು ಮನುಷ್ಯನ ಕೈಗೆ ಕೊಡಲೇಬಾರದು. ಚಾಲಕ ಒಂದು ಗುಂಡಿ ಒತ್ತಿ ಕೀಲಿ ತಿರುಗಿಸಿದರೂ ಎಂಜಿನ್ ಓಡುತ್ತಲೇ ಇರಲಿ. ಅವನು ಇಳಿದು ಬಾಗಿಲು ಹಾಕಲಿ. ಹತ್ತು ಸೆಕೆಂಡು ಕಾದು ಪೆಟ್ಟಿಗೆಯೇ ಎಂಜಿನ್ ಆರಿಸಲಿ, ಆರಿಸಿ ಹಸಿರು ದೀಪ ಹಚ್ಚಲಿ. ಆಮೇಲೆ ಯಾರಾದರೂ ಬಾಗಿಲು ತೆಗೆದರೆ ಆ ನಂಬಿಕೆ ರದ್ದು, ಕೆಂಪು ದೀಪ. ಕೆಂಪು ಇದ್ದಾಗ ರಿಮೋಟು ಒತ್ತಿದರೂ ಇಲ್ಲ, ರಾಜನೇ ಬಂದು ಹೇಳಿದರೂ ಇಲ್ಲ.

ಪೆಟ್ಟಿಗೆ ಬಿಚ್ಚಲಿಲ್ಲ. ಗುರುವಾರದವರೆಗೆ ಟೈಮ್ ಕೊಡಿ ಎಂದು ಉಮ್ಮರ್ ಕುಂಞಿಯನ್ನು ಕೇಳಿದಳು. ಅವರು ಗಡ್ಡ ನೀವಿಕೊಂಡು, ಧಣಿಯ ಹತ್ತಿರ ಕೇಳಿ ಪ್ರಯೋಜನವಿಲ್ಲ, ಧಣಿ ಯಾರ ಮಾತು ತೆಗೆದುಹಾಕುವುದಿಲ್ಲವೋ ಅಲ್ಲಿಗೇ ಹೋಗುತ್ತೇನೆ ಎಂದರು. ಹೋಗಿ ಮಾಮಾ ಕಬೀರಾರ ಮುಂದೆ ನಿಂತು, ಗೇರ್ ಹಾಕಿದ್ದು ತನ್ನ ಕೈ, ಹುಡುಗಿಯ ಪೆಟ್ಟಿಗೆಯಲ್ಲ ಎಂದು ಒಪ್ಪಿಕೊಂಡರು. ಮೂವತ್ತು ವರ್ಷದ ಕೆಲಸ, ಒಂದು ಮಾತಿಗೆ ಹೋಗಬಹುದಿತ್ತು. ಅಜ್ಜಿ ನಕ್ಕರಂತೆ. ಯಜಮಾನರ ಗಾಡಿ ನನ್ನನ್ನು ನೋಡಲಿಕ್ಕೆ ತಾನಾಗಿ ಹೊರಟಿತ್ತು, ನೀವೆಲ್ಲ ಅದನ್ನು ತಪ್ಪು ಅಂದಿರಿ, ಹುಡುಗಿಯನ್ನು ಶುಕ್ರವಾರ ಕರೆಸು ಎಂದರಂತೆ.

ಎರಡು ದಿನ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಉಮ್ಮರ್ ಕುಂಞಿ ಆ ಪೆಟ್ಟಿಗೆಗೆ ಮೋಸ ಮಾಡಲು ಏನೆಲ್ಲ ಮಾಡಬಹುದೋ ಅದನ್ನೆಲ್ಲ ಮಾಡಿದರು. ಗೇರಿನಲ್ಲಿಟ್ಟು ಕ್ಲಚ್ ಬಿಟ್ಟರು. ಎಂಜಿನ್ ಅಲ್ಲೇ ಸತ್ತಿತು, ಕೆಂಪು ದೀಪ. ಹಸಿರು ಬಂದ ಮೇಲೆ ಬಾಗಿಲು ತೆಗೆದು ತಕ್ಷಣ ಹಾಕಿದರು, ಕೆಂಪು ದೀಪ. ಕೊನೆಗೆ ಕಿಟಕಿಯಿಂದ ಕೈ ತೂರಿಸಿ ಕೋಲನ್ನು ಫಸ್ಟಿಗೆ ತಳ್ಳಿ, ಹಸಿರು ಹಾಗೇ ಇರುವುದನ್ನು ತೋರಿಸಿ, ಈಗ ಎಂತ ಮಾಡ್ತಿ ಎಂಬಂತೆ ನೋಡಿದರು. ಝಾಹಿದಾ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಕೋಲು ಎಲ್ಲಿದೆ ಎಂದು ಹೇಳಲು ಬರುವುದಿಲ್ಲ ಸರಿ, ಆದರೆ ಅಲುಗಿತು ಎಂದಾದರೂ ಹೇಳಬಹುದಲ್ಲ ಎಂದು ಅದರ ಬುಡಕ್ಕೆ ಅಲುಗಾಟ ತಿಳಿಯುವ ಸೆನ್ಸರ್ ಕಟ್ಟಿದಳು. ಸಡಿಲವಾಗಿದ್ದ ಹ್ಯಾಂಡ್‌ಬ್ರೇಕಿನ ಕೇಬಲ್ ಹೊಸದು ಹಾಕಿಸಿ ಅದಕ್ಕೂ ಒಂದು ಸ್ವಿಚ್ ಕೊಟ್ಟಳು. ಕಲ್ಲು ಮಾತ್ರ ಇರಲಿ ಉಮ್ಮರಾಕ, ಆದರೆ ಇನ್ನು ಮುಂದೆ ಮುಂದಿನ ಚಕ್ರಕ್ಕೆ ಕೊಡಿ ಎಂದಳು. ಅವರು ಅದನ್ನು ದೊಡ್ಡ ಗೌರವವೆಂದು ಸ್ವೀಕರಿಸಿದರು.

ಗುರುವಾರ ಸಂಜೆಯೇ ಅಬೂ ಫಹದ್ ಬರ್ನಾರ್ಡರನ್ನೂ ಸಫ್ವಾನನನ್ನೂ ಟೆಂಟಿಗೆ ಊಟಕ್ಕೆ ಕರೆದು ಅಲ್ಲೇ ಉಳಿಸಿಕೊಂಡಿದ್ದರು. ಊಟಕ್ಕೆ ಮೊದಲೇ ಉಮ್ಮರ್ ಕುಂಞಿ ಎಲ್ಲರ ಎದುರು ಗಾಡಿ ನಿಲ್ಲಿಸಿ, ಗುಂಡಿ ಒತ್ತಿ, ಇಳಿದು, ಬಾಗಿಲು ಹಾಕಿದರು. ಎಂಜಿನ್ ಹತ್ತು ಸೆಕೆಂಡು ಓಡಿ ತಾನಾಗಿ ಆರಿತು, ಹಸಿರು ದೀಪ ಬಂತು. ಶುಕ್ರವಾರ ಆರು ಗಂಟೆಗೆ ಯಾರೂ ಏನೂ ಒತ್ತಬೇಕಾಗಿಲ್ಲ. ಚಳಿಯನ್ನು ಪೆಟ್ಟಿಗೆಯೇ ಅಳೆಯುತ್ತದೆ, ಗಾಡಿಯನ್ನು ಪೆಟ್ಟಿಗೆಯೇ ಎಬ್ಬಿಸುತ್ತದೆ.

ಝಾಹಿದಾ ಮತ್ತು ನಿಝಾಮ್ ತಲಪುವಾಗ ಆರಕ್ಕೆ ಐದು ನಿಮಿಷ ಇತ್ತು. ಮೂಡಣ ಆಗಷ್ಟೇ ಬೂದಿ ಬಣ್ಣಕ್ಕೆ ತಿರುಗಿತ್ತು, ಉಸಿರು ಬಿಟ್ಟರೆ ಹೊಗೆ, ಥರ್ಮಾಮೀಟರಿನಲ್ಲಿ ಮೂರು. ವಾನೇತಿನ ಗಾಜಿನ ಮೇಲೆ ಮಂಜು ದಪ್ಪಗೆ ಕೂತಿತ್ತು, ಒಳಗಿನ ದೀಪ ಕಾಣುತ್ತಿರಲಿಲ್ಲ. ಅವಳು ಗಾಡಿಯ ಮುಂದೆ ಮರಳಿನಲ್ಲಿ ಕಾಲಿನಿಂದ ಒಂದು ಗೆರೆ ಎಳೆದು, ಯಾರೂ ಇದನ್ನು ದಾಟಬಾರದು ಎಂದು ಎಲ್ಲರಿಗೂ ಹೇಳಿದಳು. ಮಾ‌ಮಾ ಕಬೀರಾ ಕಂಬಳಿ ಹೊದ್ದು ಟೆಂಟಿನ ಬಾಗಿಲಲ್ಲಿ ಕುಳಿತಿದ್ದರು.

ಆರು ಗಂಟೆಯಾಯಿತು. ಏನೂ ಆಗಲಿಲ್ಲ.

ಆರು ಗಂಟೆ ಒಂದು ನಿಮಿಷ. ಬರ್ನಾರ್ಡ್ ಶಿಲುಬೆಯ ಗುರುತು ಮಾಡಿಕೊಂಡರು. ಅಬೂ ಫಹದ್ ರಿಮೋಟು ಒತ್ತಲು ಕೈಸನ್ನೆ ಮಾಡಿದರು. ಅವಳು ಒತ್ತಿದಳು. ಗಾಡಿ ಕಲ್ಲಿನ ಹಾಗೆ ನಿಂತೇ ಇತ್ತು. ಝಾಹಿದಾಳಿಗೆ ಅಳು ಬಂತು, ನುಂಗಿಕೊಂಡಳು. ಕುರ್ಚಿ ಹೋಯಿತು ಎಂದು ಅವಳಿಗೆ ಆ ಕ್ಷಣ ಖಾತ್ರಿಯಾಯಿತು. ಅಷ್ಟರಲ್ಲಿ ಮಾಮಾ ಕಬೀರಾ ಎದ್ದು ಕೋಲು ಊರಿಕೊಂಡು ನೇರವಾಗಿ ನಡೆದು, ಗೆರೆ ದಾಟಿ, ವಾನೇತಿನ ಮೂಗಿಗೆ ಮೂಗು ಕೊಟ್ಟು ನಿಂತು, ಹಟಮಾರಿ ಒಂಟೆಗೆ ಬಡಿಯುವಂತೆ ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ಬಡಿದರು.

ಝಾಹಿದಾ ಓಡಿಹೋಗಿ ಅಜ್ಜಿಯ ತೋಳು ಹಿಡಿದು ಪಕ್ಕಕ್ಕೆ ತಂದಳು. ತಂದವಳು ಚೂಡಿದಾರದ ತುದಿಯಿಂದ ಗಾಜಿನ ಮಂಜು ಒರೆಸಿ ಒಳಗೆ ನೋಡಿದಳು. ಕೆಂಪು ದೀಪ ಮಿನುಗುತ್ತಿತ್ತು. ಮೂರು ಸಲ ಮಿನುಗಿ ಬಿಡುವು, ಮತ್ತೆ ಮೂರು ಸಲ. ಮೂರರ ಅರ್ಥ ಅವಳೇ ಬರೆದದ್ದು. ಅವಳ ಅಳು ಅಲ್ಲಿಗೇ ನಿಂತಿತು.

"ಹಸಿರು ಬಂದ ಮೇಲೆ ಯಾರೋ ಬಾಗಿಲು ತೆಗೆದಿದ್ದಾರೆ," ಎಂದಳು. "ಉಮ್ಮರಾಕ, ಗೇರ್ ನೋಡಿ."

ಉಮ್ಮರ್ ಕುಂಞಿ ಬಾಗಿಲು ತೆಗೆದು ಕೋಲನ್ನು ಅಲ್ಲಾಡಿಸಿದರು, ಮತ್ತೊಮ್ಮೆ ಅಲ್ಲಾಡಿಸಿದರು. "ಫಸ್ಟಿನಲ್ಲಿ ಉಂಟು. ಅಲ್ಲಾಹನ ಆಣೆ, ಇದು ನನ್ನ ಕೈ ಅಲ್ಲ."

ಅಬೂ ಫಹದರ ಕಣ್ಣು ವಾನೇತಿನ ಮುಂದಿನ ಮರಳಿನ ಮೇಲಿತ್ತು. ಅಲ್ಲಿ ಅವರ ತಾಯಿಯ ಎರಡು ಚಪ್ಪಲಿಯ ಗುರುತು, ಒಂದು ಕೋಲಿನ ತೂತು. ಬಂಪರಿಗೆ ಒಂದು ಗೇಣು ದೂರ.

ಕೊನೆಗೆ ಸಫ್ವಾನ್ ಕೆಮ್ಮಿದ. ಟೆಂಟಿನಲ್ಲಿ ಚಳಿ ತಡೆಯಲಾಗಲಿಲ್ಲವಂತೆ. ಎಲ್ಲರೂ ಮಲಗಿದ ಮೇಲೆ ಹೋಗಿ, ಕೀಲಿ ಗಾಡಿಯಲ್ಲೇ ಇದ್ದದ್ದರಿಂದ, ವಾನೇತಿನಲ್ಲಿ ಹೀಟರ್ ಹಾಕಿಕೊಂಡು ಅರ್ಧ ಗಂಟೆ ಕುಳಿತಿದ್ದನಂತೆ. ಆಮೇಲೆ ಆರಿಸಿ ಇಳಿದುಬಂದ. ಗೇರ್ ಹಾಕಿದ್ದು ಅವನಿಗೆ ನೆನಪೇ ಇಲ್ಲ. ಪುತ್ತೂರಿನ ಕೈ, ನ್ಯೂಟ್ರಲ್ ಎಂದು ಬರೆದು ಅಂಟಿಸಿದರೆ ಸಾಕು ಅಂದವನದ್ದೇ ಕೈ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ಸುಮ್ಮನೆಯೇ?

ಅಬೂ ಫಹದ್ ನಿಧಾನವಾಗಿ ಝಾಹಿದಾಳ ಕಡೆ ತಿರುಗಿದರು. ಅವರಿಗೆ ಬರುವುದು ಅರಬ್ಬಿ ಬೆರೆಸಿದ ಹಿಂದಿ. ಯಂತ್ರಕ್ಕೆ ಗೊತ್ತಿತ್ತೇ, ಗೊತ್ತಿದ್ದೇ ಬೇಡ ಅಂದಿತೇ ಎಂದು ಕೇಳಿದರು. ಅವಳು ಹೌದೆಂದಳು. ಹೋದ ಶುಕ್ರವಾರ ಅದಕ್ಕೆ ಶುರುವಾಗಲಿಕ್ಕೆ ಮಾತ್ರ ಹೇಳಿಕೊಟ್ಟಿದ್ದೆ, ಈ ಸಲ ಸುಮ್ಮನಿರಲಿಕ್ಕೂ ಹೇಳಿಕೊಟ್ಟಿದ್ದೇನೆ ಎಂದಳು. ಅಬೂ ಫಹದ್ ಮತ್ತೊಮ್ಮೆ ಆ ಚಪ್ಪಲಿಯ ಗುರುತನ್ನು ನೋಡಿ, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಎದೆಯ ಮೇಲೆ ಕೈಯಿಟ್ಟು ಅವಳಿಗೆ ತಲೆಬಾಗಿಸಿದರು. ಬರ್ನಾರ್ಡ್ ಬಾಯಿ ತೆರೆದವರು ಮುಚ್ಚುವುದನ್ನು ಮರೆತರು.

ಆಮೇಲಿನದು ಸುಲಭ. ಉಮ್ಮರ್ ಕುಂಞಿ ಗಾಡಿ ಶುರುಮಾಡಿ, ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಗುಂಡಿ ಒತ್ತಿ, ಇಳಿದು ಬಾಗಿಲು ಹಾಕಿದರು. ಮುಂದಿನ ಚಕ್ರಕ್ಕೆ ಚಾರ್ಮಾಡಿಯ ಕಲ್ಲು ಕೊಟ್ಟರು. ಹತ್ತು ಸೆಕೆಂಡಿಗೆ ಎಂಜಿನ್ ಆರಿತು, ಹಸಿರು ಬಂತು. ಝಾಹಿದಾ ರಿಮೋಟನ್ನು ಮಾಮಾ ಕಬೀರಾರ ಕೈಯಲ್ಲಿಟ್ಟಳು. ಅಜ್ಜಿ ಬಿಸ್ಮಿಲ್ಲಾ ಎಂದು ಹೆಬ್ಬೆರಳು ಊರಿದರು. ಆ ಮೂರು ಡಿಗ್ರಿ ಚಳಿಯಲ್ಲಿ, ಯಾರೂ ಇಲ್ಲದ ಗಾಡಿ, ನಿಂತಲ್ಲೇ ನಿಂತು, ಹೆಜ್ಜೆ ಕದಲದೆ ಗುರ್ ಎಂದು ಎದ್ದಿತು. ಅಜ್ಜಿ ಮಗನ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರು ಒಳಗೆ ಕುಳಿತು ಕಾಯುತ್ತಿದ್ದಾರೋ ಎಂಬಂತೆ ಆ ಖಾಲಿ ಸೀಟನ್ನೇ ನೋಡುತ್ತಾ ನಿಂತರು, ಕಣ್ಣು ತುಂಬಿಕೊಂಡಿತ್ತು.

ಕಾಲು ಗಂಟೆ ಬಿಟ್ಟು ಒಂಟೆಯ ದೊಡ್ಡಿಗೆ ಹೊರಟಾಗ, ಹುಡುಗಿಯೂ ಬರಲಿ ಎಂದು ಅಜ್ಜಿ ಹಟ ಹಿಡಿದರು. ಒಂದೇ ಉದ್ದ ಸೀಟು. ಒಂದು ಕಡೆ ಉಮ್ಮರ್ ಕುಂಞಿ, ಇನ್ನೊಂದು ಕಡೆ ಮಾಮಾ ಕಬೀರಾ, ನಡುವೆ ಝಾಹಿದಾ. ಸೀಟು ಬೆಚ್ಚಗಿತ್ತು, ಕಾಲಿಗೆ ಹೀಟರಿನ ಗಾಳಿ ಬರುತ್ತಿತ್ತು. ಅವಳಿಗೆ ಆ ಸಂತೋಷವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಜ್ಜಿ ಅವಳ ಮೊಣಕಾಲನ್ನು ತಟ್ಟುತ್ತಾ ಅರಬ್ಬಿಯಲ್ಲಿ ಏನೇನೋ ಹೇಳುತ್ತಿದ್ದರು. ಏನು ಹೇಳ್ತಾರೆ ಉಮ್ಮರಾಕ ಎಂದು ಕೇಳಿದಳು.

"ಮೊದಲನೇ ಸಲ ಬರ್ತೇನೆ ಅಂತ ಓಡಿಬಂದ ಗಾಡಿಗಿಂತ, ಇವತ್ತು ಬರುವುದಿಲ್ಲ ಅಂತ ನಿಂತ ಗಾಡಿಯೇ ತನ್ನ ಯಜಮಾನರಂತೆ," ಎಂದರು ಉಮ್ಮರ್ ಕುಂಞಿ. "ಅವರೂ ಹಾಗೇ ಇದ್ದರಂತೆ. ಒಳ್ಳೆಯದಕ್ಕೆ ಹಟ ಮಾಡುವವರು."

ಶನಿವಾರ ಬೆಳಿಗ್ಗೆ ಝಾಹಿದಾ ಅಭ್ಯಾಸದಂತೆ ಕೌಂಟರಿಗೇ ಹೋಗಿ ನಿಂತಳು. ಬರ್ನಾರ್ಡ್ ಬಂದು ಅವಳ ಕೈಯಿಂದ ಗ್ಲಾಸು ಒರೆಸುವ ಬಟ್ಟೆಯನ್ನು ತೆಗೆದುಕೊಂಡು, ತಮ್ಮದೇ ಹೆಗಲ ಮೇಲೆ ಹಾಕಿಕೊಂಡು, ಒಳಗಿನ ಕೋಣೆಯ ಬಾಗಿಲು ತೋರಿಸಿದರು. ಮೇಜಿನ ಮೇಲೆ ಸಫ್ವಾನನ ಚಹಾದ ಕಪ್ಪು ಇರಲಿಲ್ಲ. ಅವನೇ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಂದು ಸತ್ತ ಬೋರ್ಡು.

"ಝಾಹಿದಕ್ಕ, ಇದು ನನ್ನಿಂದ ಆಗ್ಲಿಲ್ಲ. ಸ್ವಲ್ಪ ನೋಡ್ತೀರಾ?"

ಹಗಲು ಹನ್ನೊಂದು ಗಂಟೆ. ಶಟರ್ ಪೂರ್ತಿ ಮೇಲಿತ್ತು, ಹೊರಗೆ ಗಿರಾಕಿಗಳು ನಿಂತು ನೋಡುತ್ತಿದ್ದರು. ಝಾಹಿದಾ ಬೋರ್ಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕುರ್ಚಿಯ ಮೇಲೆ ಕುಳಿತಳು. ಕಾಲು ಎಂದಿನಂತೆ ನೆಲಕ್ಕೆ ತಾಗಲಿಲ್ಲ. ಅವಳು ಕೈ ಕೆಳಗೆ ಹಾಕಿ ಲಿವರ್ ಹುಡುಕಿ ಎಳೆದಳು. ಹನ್ನೊಂದು ವರ್ಷ ಯಾರೂ ಮುಟ್ಟದ ಲಿವರ್ ಕಿರ್ ಎಂದು ಗೊಣಗಿತು, ಕುರ್ಚಿ ನಿಧಾನವಾಗಿ ಇಳಿಯಿತು. ಎರಡೂ ಪಾದ ನೆಲಕ್ಕೆ ಊರಿದ ಮೇಲೆ ಅವಳು ಬೆಸುಗೆಯ ಕಡ್ಡಿ ಎತ್ತಿಕೊಂಡಳು.